ಆರುನೂರು ಮೀಟರ್ ಹೊಡೆಯಬಲ್ಲೆ ಎನ್ನುವವರ ಗುರಿಯನ್ನು ಅಳೆಯುವುದು ಹೇಗೆ?

ಕಣಿವೆಗಾಳಿ:

ನಮ್ಮ ಬೇಟೆಯ ತಂಡದಲ್ಲಿ ಯಾರು ಎಷ್ಟು ದೂರದವರೆಗೆ ಗುಂಡು ಹಾರಿಸಬಹುದು ಎಂಬುದನ್ನು ನಿರ್ಧರಿಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಈ ಸಲ ಹೊಸಬರೊಬ್ಬರು ಸೇರಿಕೊಂಡಿದ್ದಾರೆ. ಒಳ್ಳೆಯ ರೈಫಲ್, ಒಳ್ಳೆಯ ಸ್ಕೋಪ್, ಲೇಸರ್ ದೂರಮಾಪಕ ಎಲ್ಲವೂ ಅವರಲ್ಲಿವೆ, ಮಾತಿನಲ್ಲಿಯೂ ವಿನಯವಂತರು. ಎಷ್ಟು ದೂರದವರೆಗೆ ಹೊಡೆಯುತ್ತೀರಿ ಎಂದು ಕೇಳಿದಾಗ ಅವರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. 600 ಮೀಟರ್ ದೂರದಲ್ಲಿ ನಿಲ್ಲಿಸಿದ್ದ ಗುರಿಹಾಳೆಯ ಮೇಲೆ ಮೂರು ತೂತುಗಳು. ಅಂಗೈ ಅಗಲಿಸಿ ಇಟ್ಟರೆ ಮೂರೂ ಮುಚ್ಚಿಹೋಗುತ್ತವೆ. ಪಕ್ಕದಲ್ಲಿಟ್ಟಿದ್ದ ಅಳತೆಪಟ್ಟಿಯ ಪ್ರಕಾರ ತೂತುಗಳ ನಡುವಿನ ಅತಿ ಹೆಚ್ಚಿನ ಅಂತರ 12 ಸೆಂಟಿಮೀಟರ್.

ಅವರ ವಾದ ಸರಳವಾಗಿದೆ. ಮಧ್ಯಮ ಗಾತ್ರದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗವನ್ನು ನಾವು 20 ಸೆಂಟಿಮೀಟರ್ ವ್ಯಾಸದ ವೃತ್ತವೆಂದು ಲೆಕ್ಕ ಹಿಡಿಯುತ್ತೇವೆ. ತಮ್ಮ ಗುಂಪು, ಅಂದರೆ ತೂತುಗಳ ಒಟ್ಟು ಹರವು, 12 ಸೆಂಟಿಮೀಟರ್ ಇರುವುದರಿಂದ 600 ಮೀಟರ್‌ನಲ್ಲಿ ಪ್ರಾಣಿಯ ಮೇಲೆ ಗುಂಡು ಹಾರಿಸಲು ತಮಗೆ ಅರ್ಹತೆಯಿದೆ ಎಂಬುದು ಅವರ ನಂಬಿಕೆ. ಚಿತ್ರವನ್ನು ನಾನು ಅನುಮಾನಿಸುವುದಿಲ್ಲ, ಅವರ ಪ್ರಾಮಾಣಿಕತೆಯನ್ನೂ ಅನುಮಾನಿಸುವುದಿಲ್ಲ. ಆದರೂ ಒಪ್ಪಿಗೆ ಕೊಡಲು ಮನಸ್ಸು ಬರುತ್ತಿಲ್ಲ, ಮತ್ತು ಏಕೆ ಬರುತ್ತಿಲ್ಲ ಎಂಬುದನ್ನು ಅವರಿಗೆ ಒಪ್ಪಿಗೆಯಾಗುವಂತೆ ವಿವರಿಸಲು ನನಗೆ ಸಾಧ್ಯವಾಗಿಲ್ಲ.

ನನಗಿರುವ ಅನಿಸಿಕೆ ಇಷ್ಟು: ಬೇಟೆಯಲ್ಲಿ ನಿಜವಾಗಿ ಅಳೆಯಬೇಕಾದದ್ದು ಮೊದಲ ಗುಂಡನ್ನು, ಅಂದರೆ ತಣ್ಣಗಿರುವ ನಳಿಗೆಯಿಂದ, ಎಂದೂ ಮಲಗಿರದ ನೆಲದ ಮೇಲೆ ಮಲಗಿ, ಗೊತ್ತಿಲ್ಲದ ಗಾಳಿಯಲ್ಲಿ ಹಾರಿಸಿದ ಒಂದೇ ಗುಂಡನ್ನು. ಇದನ್ನು ಅಳೆಯುವ ನ್ಯಾಯವಾದ ಕ್ರಮ ಯಾವುದು? ಅನುಭವವಿರುವವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಲೆಕ್ಕಿಗ:

ಮೊದಲು ಆ ಚಿತ್ರದ ಬಗ್ಗೆ. ಮೂರು ಗುಂಡಿನ ಗುಂಪು ಯಾವಾಗಲೂ ಹೊಡೆಯುವವರ ಪರವಾಗಿಯೇ ಮಾತನಾಡುತ್ತದೆ. ಅದೇ ರೈಫಲ್, ಅದೇ ಕೈ, ಅದೇ ತೋಟಾ ಇಟ್ಟುಕೊಂಡು ಮೂರರ ಬದಲು ಹತ್ತು ಗುಂಡು ಹಾರಿಸಿದರೆ ಗುಂಪಿನ ಅಗಲ ಸರಾಸರಿಯಲ್ಲಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಕೈಯಲ್ಲಾಗಲಿ ಬಂದೂಕಿನಲ್ಲಾಗಲಿ ಏನೂ ಕೆಟ್ಟಿರುವುದಿಲ್ಲ. ಅಂಚಿಗೆ ಬೀಳುವ ಗುಂಡುಗಳಿಗೆ ಅವಕಾಶ ಸಿಕ್ಕಿರುತ್ತದೆ, ಅಷ್ಟೆ. 12 ಸೆಂಟಿಮೀಟರಿನ ಗುಂಪು ಹೀಗೆ 19 ಸೆಂಟಿಮೀಟರ್ ಆದರೆ 20 ಸೆಂಟಿಮೀಟರಿನ ವೃತ್ತದಲ್ಲಿ ಉಳಿಯುವ ಎಡೆ ಎಷ್ಟು ಎಂದು ಅವರೇ ನೋಡಲಿ.

ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಗುಂಪಿನ ಅಗಲವು ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂದು ಹೇಳುತ್ತದೆಯೇ ಹೊರತು, ಗುರಿಯಿಟ್ಟ ಚುಕ್ಕೆಗೆ ಎಷ್ಟು ಹತ್ತಿರ ಇವೆ ಎಂದು ಹೇಳುವುದಿಲ್ಲ. ಚಿತ್ರ ತೆಗೆಯುವ ಮುಂಚೆ ಎಷ್ಟು ಗುಂಡುಗಳನ್ನು ಹಾರಿಸಿ ಸ್ಕೋಪನ್ನು ಸರಿಪಡಿಸಿಕೊಂಡಿರಿ ಎಂದು ದಯವಿಟ್ಟು ಕೇಳಿ. ನಾಲ್ಕು ಗುಂಡು ಹಾರಿಸಿ, ಗಾಳಿಯ ಪಾಲನ್ನು ತಿದ್ದಿಕೊಂಡು, ಆಮೇಲೆ ಮೂರನ್ನು ಒಟ್ಟಿಗೆ ಹಾಕಿದ್ದರೆ, ನಿಮಗೆ ಬೇಕಾದ ಮಾಹಿತಿ ಇದ್ದದ್ದು ಆ ನಾಲ್ಕರಲ್ಲಿ ಮೊದಲನೆಯದರಲ್ಲಿ.

ಮೂರನೆಯದು ಎಣಿಕೆಯ ವಿಷಯ. ಹತ್ತಕ್ಕೆ ಹತ್ತು ಗುಂಡು ವೃತ್ತದೊಳಗೆ ಬಿದ್ದರೆ ನಾವು ನೂರಕ್ಕೆ ನೂರು ಎಂದುಕೊಳ್ಳುತ್ತೇವೆ. ನೂರಕ್ಕೆ 74ರ ಮಟ್ಟದ ಗುರಿಗಾರನೂ ಇಪ್ಪತ್ತು ಪ್ರಯತ್ನಗಳಲ್ಲಿ ಒಮ್ಮೆ ಹತ್ತಕ್ಕೆ ಹತ್ತು ಹೊಡೆದುಬಿಡುತ್ತಾನೆ. ಮೂವತ್ತಕ್ಕೆ ಮೂವತ್ತು ಬಿದ್ದಾಗ ಮಾತ್ರ ಅದೇ ಭರವಸೆಯ ಮಟ್ಟದಲ್ಲಿ ನೂರಕ್ಕೆ 90ರ ಆಚೆ ಇದ್ದಾರೆ ಎನ್ನಬಹುದು. ಬೇಟೆಯಲ್ಲಿ ಹತ್ತರಲ್ಲಿ ಒಂದು ಪ್ರಾಣಿ ಗಾಯಗೊಂಡು ಓಡುವುದನ್ನೇ ನಾನು ದೊಡ್ಡ ತಪ್ಪೆಂದು ಎಣಿಸುವುದರಿಂದ, ಮೂವತ್ತು ಮೊದಲ ಗುಂಡುಗಳ ದಾಖಲೆ ಇಲ್ಲದೆ ಯಾರ ಬಗ್ಗೆಯೂ ತೀರ್ಪು ಕೊಡಬಾರದು ಎಂದು ನನ್ನ ಅಭಿಪ್ರಾಯ.

ಒಂದೇ ಗುಂಡಿನ ಕೀರ್ತಿಯ ಬಗ್ಗೆ ಒಂದು ಮಾತು. ಕಾಡುಕೋಣದಂಥ ಬೈಸನ್ ಪ್ರಾಣಿಗಳ ಬೇಟೆಗಾರನಾಗಿದ್ದ ಬಿಲ್ಲಿ ಡಿಕ್ಸನ್ 1874ರಲ್ಲಿ ಟೆಕ್ಸಾಸಿನ ಅಡೋಬಿ ವಾಲ್ಸ್ ಕಾಳಗದಲ್ಲಿ ಹಾರಿಸಿದ ಗುಂಡು 1,538 ಗಜ ದೂರದಲ್ಲಿ ಗುರಿ ಮುಟ್ಟಿತೆಂದು ಇಂದಿಗೂ ಹೇಳುತ್ತಾರೆ. ಡಿಕ್ಸನ್ ಸ್ವತಃ ಅದನ್ನು ಅದೃಷ್ಟದ ಗುಂಡೆಂದೇ ಕರೆದುಕೊಂಡನು. ಅಂಥ ಪ್ರಾಮಾಣಿಕತೆ ನಮಗೂ ಬೇಕು.

ಸಾವಿರಗಜ:

ನಾನು ದೂರದ ಗುರಿಯ ಸ್ಪರ್ಧೆಗಳಲ್ಲಿ ಬಹಳ ವರ್ಷಗಳಿಂದ ಭಾಗವಹಿಸುತ್ತಿದ್ದೇನೆ, ಬೇಟೆಗೂ ಹೋಗುತ್ತೇನೆ. ಲೆಕ್ಕಿಗರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಮೈದಾನದಲ್ಲಿ ಗಳಿಸಿದ ಕೌಶಲವನ್ನು ಇಲ್ಲಿ ಕೀಳಾಗಿ ಕಾಣುವ ಧೋರಣೆ ಬೆಳೆಯಬಾರದೆಂದು ಈ ಉತ್ತರ ಬರೆಯುತ್ತಿದ್ದೇನೆ. 600 ಮೀಟರ್‌ನಲ್ಲಿ ಮೂರು ಗುಂಡನ್ನು 12 ಸೆಂಟಿಮೀಟರಿನೊಳಗೆ ಹಾಕುವವರ ಟ್ರಿಗರ್ ಎಳೆತ, ಉಸಿರಿನ ಹಿಡಿತ, ಮಲಗುವ ಭಂಗಿ ಎಲ್ಲವೂ ಸಾಮಾನ್ಯ ಬೇಟೆಗಾರರಿಗಿಂತ ಬಹಳ ಮೇಲಿರುತ್ತವೆ. ಬೇಟೆಯ ಋತು ಆರಂಭವಾಗುವ ಹಿಂದಿನ ದಿನ 100 ಮೀಟರ್‌ನಲ್ಲಿ ಎರಡು ಗುಂಡು ಹಾರಿಸಿ, ಸರಿಯಿದೆ ಎಂದು ಬಂದೂಕನ್ನು ಚೀಲಕ್ಕೆ ಹಾಕುವವರನ್ನು ನಾವೆಲ್ಲ ನೋಡಿದ್ದೇವೆ. ಇವರಿಬ್ಬರಲ್ಲಿ ನಾನು ನಂಬುವುದು ಮೊದಲಿನವರನ್ನು.

ದೂರದ ಗುಂಡಿನಲ್ಲಿ ಕೌಶಲವೆಂದರೆ ಕೈಯ ಸ್ಥಿರತೆಯಷ್ಟೇ ಅಲ್ಲ ಎಂಬುದನ್ನು ಸ್ಪರ್ಧೆಯವರೇ ಮೊದಲು ಕಲಿತವರು. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ತಂಡಗಳು 800, 900 ಮತ್ತು 1,000 ಗಜಗಳಲ್ಲಿ ಸ್ಪರ್ಧಿಸಿದಾಗ ಅಮೆರಿಕ 934 ಅಂಕ, ಐರ್ಲೆಂಡ್ 931 ಅಂಕ ಗಳಿಸಿದವು. ಐರ್ಲೆಂಡಿನ ಒಬ್ಬ ಗುರಿಗಾರನ ಗುಂಡು ನಡುಚುಕ್ಕೆಗೇ ಬಿದ್ದಿತ್ತು, ಆದರೆ ಅದು ಪಕ್ಕದ ಗುರಿಫಲಕದ ನಡುಚುಕ್ಕೆ. ಅದಕ್ಕೆ ಸೊನ್ನೆ ಅಂಕ. ಆಗ ನಡುಚುಕ್ಕೆಗೆ ನಾಲ್ಕು ಅಂಕವಿದ್ದುದರಿಂದ ಪಂದ್ಯದ ಫಲಿತಾಂಶವೇ ಆ ಒಂದು ಗುಂಡಿನಲ್ಲಿ ನಿಂತಿತ್ತು. ಹಿಂಡಿನಲ್ಲಿ ನಿಂತ ಗಂಡು ಜಿಂಕೆಯನ್ನು ಗುರುತಿಸಿ, ದೂರಮಾಪಕಕ್ಕೆ ಕಣ್ಣಿಟ್ಟು, ಮತ್ತೆ ಸ್ಕೋಪಿಗೆ ಮರಳುವಷ್ಟರಲ್ಲಿ ಪಕ್ಕದ ಪ್ರಾಣಿಯ ಮೇಲೆ ಗುರಿ ನೆಟ್ಟವರು ಈ ಕಥೆಯನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ನನ್ನ ಸಲಹೆ: ಅವರನ್ನು 600ರಿಂದ ಕೆಳಗಿಳಿಸುವ ಮುಂಚೆ ಗಾಳಿಯ ಪರೀಕ್ಷೆ ಕೊಡಿ. ಅದರಲ್ಲಿ ತೇರ್ಗಡೆಯಾದರೆ ಅವರ ಮಾತನ್ನು ಒಪ್ಪಿಕೊಳ್ಳಿ.

ಹೆಜ್ಜೆಜಾಡು:

ನಾನು ಗುರಿಗಾರನಲ್ಲ. ಗಾಯಗೊಂಡ ಪ್ರಾಣಿಗಳ ಜಾಡು ಹಿಡಿದು ಹೋಗುವುದು ನನ್ನ ಕೆಲಸವಾಗಿ ಬಹುಕಾಲವಾಯಿತು. ಇಲ್ಲಿ ಯಾರೂ ಇನ್ನೂ ಪ್ರಾಣಿಯ ಬಗ್ಗೆ ಮಾತನಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಒಮ್ಮೆ ನನ್ನನ್ನು ಕರೆದವರು ಬಹಳ ಒಳ್ಳೆಯ ಗುರಿಗಾರರು. ಸಾವಿರಗಜ ಅವರು ಹೇಳುವ ಎಲ್ಲ ಗುಣಗಳೂ ಅವರಲ್ಲಿದ್ದವು. 480 ಮೀಟರ್ ದೂರದಲ್ಲಿ ಮೇಯುತ್ತಿದ್ದ ಜಿಂಕೆಯ ಮೇಲೆ, ಕಣಿವೆಯ ಈಚೆಯಿಂದ, ಮಲಗಿ, ಬೈಪಾಡ್ ಎಂಬ ಎರಡು ಕಾಲಿನ ಆಸರೆಯ ಮೇಲೆ ಬಂದೂಕಿಟ್ಟು ಹಾರಿಸಿದ್ದರು. ಗುಂಡು ಬಿಟ್ಟ ಕ್ಷಣದಲ್ಲಿ ಸ್ಕೋಪಿನ ಅಡ್ಡಗೆರೆ ಮುಂಗಾಲಿನ ಹಿಂದೆ ಸರಿಯಾಗಿಯೇ ಇತ್ತು ಎಂದು ಅವರು ಹೇಳಿದರು, ನಾನು ಅದನ್ನು ನಂಬಿದೆ. ಸ್ಥಳಕ್ಕೆ ಹೋದಾಗ ಹುಲ್ಲಿನ ಮೇಲೆ ರಕ್ತ ಕಡಿಮೆ ಇತ್ತು, ಬಣ್ಣ ಕಪ್ಪಗಿತ್ತು. ಎರಡು ಮಾರು ಆಚೆ ಒಂದು ಎಲೆಯ ಮೇಲೆ ಹಸಿರು ಬೆರೆತ ತೇವ, ಮೂಗಿನ ಹತ್ತಿರ ತಂದರೆ ಹೊಟ್ಟೆಯೊಳಗಿನ ಮೇವಿನ ಹುಳಿ ವಾಸನೆ. ಶ್ವಾಸಕೋಶಕ್ಕೆ ಬಿದ್ದ ಗುಂಡಾದರೆ ತಿಳಿಗೆಂಪು ರಕ್ತ, ಅದರಲ್ಲಿ ಸಣ್ಣ ನೊರೆ ಕಾಣುತ್ತದೆ. ಇದು ಹಾಗಿರಲಿಲ್ಲ. ತಕ್ಷಣ ಹಿಂಬಾಲಿಸಿದರೆ ಅದು ಇನ್ನೂ ದೂರ ಓಡುತ್ತದೆಂದು ಗಂಟೆಗಟ್ಟಲೆ ಕಾದು, ಆಮೇಲೆ ಹೊರಟೆವು. ಅದು ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಇನ್ನೂ ಜೀವವಿತ್ತು.

ಅವರ ಕೈ ತಪ್ಪಿರಲಿಲ್ಲ. ಜಿಂಕೆ ಒಂದು ಹೆಜ್ಜೆ ಮುಂದೆ ಇಟ್ಟಿತ್ತು. .308 ವಿಂಚೆಸ್ಟರ್ ತೋಟಾದ 175 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು ಸೆಕೆಂಡಿಗೆ 790 ಮೀಟರ್ ವೇಗದಲ್ಲಿ ನಳಿಗೆ ಬಿಟ್ಟರೂ, 500 ಮೀಟರ್ ತಲುಪಲು ಸುಮಾರು ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ನಿಧಾನವಾಗಿ ನಡೆಯುವ ಪ್ರಾಣಿ ಅಷ್ಟರಲ್ಲಿ ಒಂದು ಮೀಟರಿನಷ್ಟು ಸರಿಯಬಲ್ಲದು. ಇದಕ್ಕೆ ಯಾವ ಅಭ್ಯಾಸವೂ ಪರಿಹಾರವಲ್ಲ, ಗುರಿಹಾಳೆ ಹೆಜ್ಜೆ ಇಡುವುದಿಲ್ಲ. ಆದ್ದರಿಂದ ಕಣಿವೆಗಾಳಿ ಅವರೇ, ಕೌಶಲವನ್ನು ಅಳೆಯುವಾಗ ಪ್ರಾಣಿಯನ್ನು ಓದುವ ಕೌಶಲವನ್ನೂ ಸೇರಿಸಿ. ಕಿವಿ ಯಾವ ಕಡೆಗಿದೆ, ತಲೆ ತಗ್ಗಿಸಿ ಮೇಯುತ್ತಿದೆಯೋ ಹೆಜ್ಜೆ ಎತ್ತುವ ಮುಂಚೆ ಭಾರವನ್ನು ಬದಲಿಸುತ್ತಿದೆಯೋ, ಹಿಂಡು ಸಾಗುತ್ತಿದೆಯೋ ನಿಂತಿದೆಯೋ ಎಂಬುದನ್ನು ಬಂದೂಕಿಲ್ಲದೆ, ಬರಿಯ ದುರ್ಬೀನಿನಲ್ಲಿ ನೋಡಿ ಹೇಳಲು ಬಾರದವರ ಕೈಗೆ ನಾನು 200 ಮೀಟರಿಗಿಂತ ಹೆಚ್ಚು ಕೊಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಗುರಿಗಾರರು ಮರೆಯುತ್ತಾರೆ. ಅನೇಕ ಬೇಟೆಯ ಗುಂಡುಗಳು ಪ್ರಾಣಿಯ ದೇಹದಲ್ಲಿ ಸರಿಯಾಗಿ ಅರಳಬೇಕಾದರೆ, ಅಂದರೆ ತುದಿ ಹಿಗ್ಗಿ ಅಗಲವಾಗಬೇಕಾದರೆ, ಬಡಿಯುವಾಗ ಸೆಕೆಂಡಿಗೆ ಸುಮಾರು 550 ಮೀಟರ್ ವೇಗವಾದರೂ ಉಳಿದಿರಬೇಕು. ಮೇಲೆ ಹೇಳಿದ ಗುಂಡು 500 ಮೀಟರ್ ಮುಟ್ಟುವ ಮೊದಲೇ ಅದಕ್ಕಿಂತ ಕೆಳಗಿಳಿದಿರುತ್ತದೆ. ಸರಿಯಾದ ಜಾಗಕ್ಕೇ ಬಿದ್ದರೂ ಸಣ್ಣ ತೂತು ಮಾಡಿ ಹಾದುಹೋಗುವ ಗುಂಡಿನ ಹಿಂದೆ ಜಾಡು ಹಿಡಿಯುವುದು ನನಗೆ ಬಹಳ ನೋವಿನ ಕೆಲಸ.

ಸಾವಿರಗಜ:

ಹೆಜ್ಜೆಜಾಡು ಅವರ ಬರಹವನ್ನು ಎರಡು ಸಲ ಓದಿದೆ. ಹೆಜ್ಜೆಯ ವಿಷಯದಲ್ಲಿ ನನ್ನ ಬಳಿ ಎದುರುವಾದವಿಲ್ಲ. ಗಾಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ 600 ಒಪ್ಪಿಕೊಳ್ಳಿ ಎಂದು ಬರೆದಿದ್ದೆ; ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಗಾಳಿಯ ಪರೀಕ್ಷೆ ಮಾತ್ರ ಬೇಕೇ ಬೇಕು, ಅದರ ಅಂಕಿಗಳನ್ನು ಇಲ್ಲಿ ಇಡುತ್ತೇನೆ.

ಅದೇ .308 ಗುಂಡನ್ನೇ ತೆಗೆದುಕೊಳ್ಳೋಣ. ಪೂರ್ತಿ ಅಡ್ಡಲಾಗಿ ಬೀಸುವ ಗಾಳಿಯಲ್ಲಿ ಸೆಕೆಂಡಿಗೆ ಒಂದೇ ಒಂದು ಮೀಟರ್ ತಪ್ಪು ಅಂದಾಜು ಮಾಡಿದರೆ 300 ಮೀಟರ್‌ನಲ್ಲಿ ಗುಂಡು ನಾಲ್ಕೈದು ಸೆಂಟಿಮೀಟರ್ ಸರಿಯುತ್ತದೆ, 500 ಮೀಟರ್‌ನಲ್ಲಿ 13 ಸೆಂಟಿಮೀಟರಿನಷ್ಟು. ದೂರ ಎರಡು ಪಟ್ಟು ಕೂಡ ಆಗಿಲ್ಲ, ತಪ್ಪು ಹತ್ತಿರಹತ್ತಿರ ಮೂರು ಪಟ್ಟಾಗಿದೆ. ವೃತ್ತದ ಅರ್ಧವ್ಯಾಸ 10 ಸೆಂಟಿಮೀಟರ್ ಆಗಿರುವಾಗ, ಉಳಿದೆಲ್ಲವನ್ನೂ ಒಂದು ಕೂದಲೆಳೆಯೂ ತಪ್ಪದೆ ಮಾಡಿದವರ ಗುಂಡು ಕೂಡ ಅಷ್ಟೇ ತಪ್ಪಿಗೆ ವೃತ್ತದ ಹೊರಗೆ ಬೀಳುತ್ತದೆ. ಮುಖಕ್ಕೆ ಗಾಳಿ ತಾಗಿ ಎಲೆಗಳು ಸರಸರ ಎನ್ನುವಾಗ ವೇಗ ಸೆಕೆಂಡಿಗೆ 1.6ರಿಂದ 3.3 ಮೀಟರ್ ಇರುತ್ತದೆ, ಎಲೆಗಳೂ ಸಣ್ಣ ಕಡ್ಡಿಗಳೂ ಎಡೆಬಿಡದೆ ಅಲುಗುವಾಗ 3.4ರಿಂದ 5.4 ಮೀಟರ್. ಕಣ್ಣಿಗೆ ಒಂದೇ ಥರ ಕಾಣುವ ಒಂದು ಹಂತದೊಳಗೇ ಎರಡು ಮೀಟರಿನ ವ್ಯತ್ಯಾಸ ಅಡಗಿದೆ ಎಂಬುದನ್ನು ಗಮನಿಸಿ. ಕೈಯಲ್ಲಿ ಹಿಡಿದ ಗಾಳಿಮಾಪಕ ನಾವು ನಿಂತ ಜಾಗದ ಗಾಳಿಯನ್ನು ಹೇಳುತ್ತದೆ. ಕಣಿವೆಯ ನಡುವಿನ ಗಾಳಿಯನ್ನು ಹುಲ್ಲು, ಎಲೆ, ದುರ್ಬೀನಿನಲ್ಲಿ ಕಾಣುವ ಬಿಸಿಲ ಅಲೆಗಳನ್ನು ನೋಡಿ ನಾವೇ ಓದಬೇಕು.

ದೂರದ ಅಳತೆಯಲ್ಲಿಯೂ ಹಾಗೆಯೇ. 500 ಮೀಟರ್ ಬಳಿ ಹತ್ತು ಮೀಟರ್ ತಪ್ಪಿದರೆ ಗುಂಡು ಸುಮಾರು ಏಳು ಸೆಂಟಿಮೀಟರ್ ಮೇಲೋ ಕೆಳಗೋ ಹೋಗುತ್ತದೆ. ತೋಟಾದಿಂದ ತೋಟಾಕ್ಕೆ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೂ ಅದೇ ಆರೇಳು ಸೆಂಟಿಮೀಟರ್. ಇಳಿಜಾರಿನಲ್ಲಿ ಹೊಡೆಯುವಾಗ ದೂರಮಾಪಕ ತೋರಿಸುವ ದೂರವನ್ನೇ ನೆಚ್ಚಿಕೊಂಡವರೂ ಇದ್ದಾರೆ: 30 ಡಿಗ್ರಿ ಕೋನದಲ್ಲಿ 400 ಮೀಟರ್ ಇದ್ದರೆ ಗುಂಡಿನ ಇಳಿತಕ್ಕೆ ಲೆಕ್ಕ ಹಿಡಿಯಬೇಕಾದದ್ದು ಸುಮಾರು 346 ಮೀಟರ್. ಮರೆತರೆ ಗುಂಡು ಪ್ರಾಣಿಯ ಬೆನ್ನ ಮೇಲಿನಿಂದ ಹೋಗುತ್ತದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವ ಪರೀಕ್ಷೆ ಬೇರೆ. ಗುಂಡು ಹಾರಿಸಿದ ಮರುಕ್ಷಣ, ಗುರಿಯನ್ನು ನೋಡುವ ಮುಂಚೆಯೇ, ಅದು ಎಲ್ಲಿ ಬಿದ್ದಿರಬೇಕು ಎಂದು ಹೊಡೆದವರು ಹೇಳಬೇಕು. “ಸ್ವಲ್ಪ ಬಲಕ್ಕೆ, ಮೂರು ಗಂಟೆಯ ಕಡೆಗೆ” ಎಂದು ಹೇಳಿದವರ ಗುಂಡು ಅಲ್ಲಿಯೇ ಇದ್ದರೆ, ವೃತ್ತದ ಹೊರಗೆ ಬಿದ್ದಿದ್ದರೂ, ಅವರಿಗೆ ತಮ್ಮ ಕೈಯ ಅರಿವಿದೆ. ಒಳ್ಳೆಯದೆಂದು ಹೇಳಿದ ಗುಂಡು ಎಲ್ಲೋ ಬಿದ್ದಿದ್ದರೆ ಟ್ರಿಗರ್ ಒತ್ತುವ ಕ್ಷಣದಲ್ಲಿ ಅವರು ಏನನ್ನೂ ನೋಡಿಲ್ಲ, ಅಥವಾ ಗಾಳಿಯನ್ನು ಪೂರ್ತಿ ತಪ್ಪಾಗಿ ಓದಿದ್ದಾರೆ. ಹತ್ತು ಗುಂಡು ಒಳಗೆ ಹಾಕಿ ಒಂದನ್ನೂ ಹೇಳಲಾರದವರಿಗಿಂತ, ಎಂಟು ಒಳಗೆ ಹಾಕಿ ಹತ್ತನ್ನೂ ಸರಿಯಾಗಿ ಹೇಳುವವರ ಜೊತೆ ನಾನು ಬೇಟೆಗೆ ಹೋಗುತ್ತೇನೆ.

ಹೊಸಗುರಿ:

ನಾನು ಈ ಕ್ಷೇತ್ರಕ್ಕೆ ಹೊಸಬ, ಆದ್ದರಿಂದ ಪ್ರಶ್ನೆ ಸಣ್ಣದೆನಿಸಿದರೆ ಕ್ಷಮಿಸಬೇಕು. ಮರಳುಚೀಲದ ಮೇಲೆ ಬಂದೂಕಿಟ್ಟು 100 ಮೀಟರ್‌ನಲ್ಲಿ ಹೊಡೆದರೆ ನನ್ನ ಐದು ಗುಂಡುಗಳು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳುತ್ತವೆ. ಅದೇ ಬಂದೂಕಿನಿಂದ ಕುಳಿತು ಹೊಡೆದರೆ ಊಟದ ತಟ್ಟೆಯಷ್ಟು ಅಗಲಕ್ಕೆ ಚದುರುತ್ತವೆ. ಇವೆರಡರಲ್ಲಿ ನನ್ನ ಮಟ್ಟ ಯಾವುದೆಂದು ತಿಳಿಯಬೇಕು? ಇನ್ನೊಂದು, ಬಂದೂಕು ಒದೆಯುತ್ತದೆಂಬ ಅಳುಕು ನನಗಿದೆಯೇ ಎಂಬುದನ್ನು ನಾನೇ ಕಂಡುಕೊಳ್ಳುವ ದಾರಿ ಇದೆಯೇ?

ಮೈದಾನದವರು:

ಹೊಸಗುರಿ ಅವರೇ, ನಿಮ್ಮ ಪ್ರಶ್ನೆ ಸಣ್ಣದಲ್ಲ, ಈ ಚರ್ಚೆಯ ನಡುಮಧ್ಯದ ಪ್ರಶ್ನೆಯೇ ಅದು. ನಾಣ್ಯದಷ್ಟು ಗುಂಪು ನಿಮ್ಮ ರೈಫಲ್ಲಿನ ಮಟ್ಟ, ತಟ್ಟೆಯಷ್ಟು ಗುಂಪು ನಿಮ್ಮ ಮಟ್ಟ. ಬೇಟೆಯಲ್ಲಿ ಮರಳುಚೀಲ ಸಿಗುವುದಿಲ್ಲ. ಹುಲ್ಲು ಎತ್ತರವಿದ್ದರೆ ಮಲಗಿದಾಗ ಪ್ರಾಣಿಯೇ ಕಾಣುವುದಿಲ್ಲ, ಆಗ ಕುಳಿತೋ ಮಂಡಿಯೂರಿಯೋ ಹೊಡೆಯಬೇಕಾಗುತ್ತದೆ. ಪ್ರತಿಯೊಂದು ಭಂಗಿಗೂ ಬೇರೆ ಬೇರೆ ದೂರದ ಮಿತಿಯನ್ನು ಬರೆದಿಟ್ಟುಕೊಳ್ಳಿ; ಮಲಗಿ 350 ಮೀಟರ್ ಹೊಡೆಯುವವರ ಕುಳಿತ ಮಿತಿ 150 ಆಗಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಳುಕನ್ನು ಕಂಡುಹಿಡಿಯುವ ಹಳೆಯ ಉಪಾಯವೊಂದಿದೆ, ಅದಕ್ಕೆ ಜೊತೆಗಾರರು ಬೇಕು. ಅವರು ನಿಮಗೆ ಕಾಣದಂತೆ, ಕೆಲವೊಮ್ಮೆ ನಿಜವಾದ ತೋಟಾ, ಕೆಲವೊಮ್ಮೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿ ಬಂದೂಕನ್ನು ನಿಮ್ಮ ಕೈಗೆ ಕೊಡಬೇಕು. ಯಾವುದಿದೆಯೆಂದು ನಿಮಗೆ ಗೊತ್ತಿರುವುದಿಲ್ಲವಾದ್ದರಿಂದ ಪ್ರತಿ ಸಲವೂ ನಿಜವಾದ ಗುಂಡೆಂದೇ ಹಾರಿಸುತ್ತೀರಿ. ಡಮ್ಮಿ ಬಂದಾಗ ಬರಿಯ ‘ಟಕ್’ ಎಂಬ ಸದ್ದಾಗುತ್ತದೆ, ಆಗ ನಳಿಗೆಯ ತುದಿ ಕೆಳಗೆ ಕುಸಿದರೆ, ಭುಜ ಮುಂದಕ್ಕೆ ತಳ್ಳಿದರೆ, ಕಣ್ಣುರೆಪ್ಪೆ ಮುಚ್ಚಿದರೆ ಅದೇ ಅಳುಕು. ಅನುಭವಿಗಳೆನಿಸಿಕೊಂಡವರ ನಳಿಗೆ ಕೂಡ ಎರಡು ಬೆರಳಿನಷ್ಟು ಕುಸಿಯುವುದನ್ನು ನಾನು ಪಕ್ಕದಲ್ಲಿ ಮಂಡಿಯೂರಿ ಕುಳಿತು ಎಷ್ಟೋ ಬಾರಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಅದು ಅದುವರೆಗೆ ತಿಳಿದೇ ಇರಲಿಲ್ಲ. ಅಳುಕಿಗೆ ಪರಿಹಾರ ಮನೆಯಲ್ಲಿಯೇ ಇದೆ: ಬಂದೂಕು ಖಾಲಿಯೆಂದು ಎರಡು ಸಲ ಖಚಿತಪಡಿಸಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ದಿನವೂ ಸ್ವಲ್ಪ ಹೊತ್ತು ಬರಿಯ ಟ್ರಿಗರ್ ಒತ್ತುವ ಅಭ್ಯಾಸ.

ಭಂಗಿ ಸರಿಯಿದೆಯೇ ಎಂದು ತಿಳಿಯಲು ಗುರಿಯಿಟ್ಟು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಕಣ್ಣು ತೆರೆದು ನೋಡಿ. ಅಡ್ಡಗೆರೆ ಗುರಿಯಿಂದ ಸರಿದಿದ್ದರೆ ಬಂದೂಕನ್ನು ನೀವು ಸ್ನಾಯುಬಲದಿಂದ ಅಲ್ಲಿ ಹಿಡಿದಿಟ್ಟಿದ್ದಿರಿ ಎಂದರ್ಥ. ಕೈಯಿಂದ ಎಳೆದು ಸರಿಪಡಿಸದೆ, ಮೈಯನ್ನೇ ತಿರುಗಿಸಿ ಸರಿಪಡಿಸಿಕೊಳ್ಳಬೇಕು.

ಕಣಿವೆಗಾಳಿ ಅವರಿಗೆ ಒಂದು ಹೋಲಿಕೆ ಉಪಯೋಗಕ್ಕೆ ಬರಬಹುದು. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿ ವರ್ಷವೂ ಪರೀಕ್ಷೆ ಕೊಡಬೇಕು: 100 ಮೀಟರ್ ದೂರದ ಪ್ರಾಣಿಯ ಆಕೃತಿಯಲ್ಲಿ 30 ಸೆಂಟಿಮೀಟರ್ ವೃತ್ತದೊಳಗೆ ಐದಕ್ಕೆ ಐದು ಗುಂಡು. ಫಿನ್ಲೆಂಡಿನಲ್ಲಿ ದೊಡ್ಡ ಕಡವೆಯಂಥ ಮೂಸ್ ಬೇಟೆಗೆ 75 ಮೀಟರ್‌ನಲ್ಲಿ 23 ಸೆಂಟಿಮೀಟರ್ ವೃತ್ತದೊಳಗೆ ನಾಲ್ಕು ಗುಂಡು. ತಲೆಮಾರುಗಳಿಂದ ಬೇಟೆಯಾಡುತ್ತ ಬಂದ ದೇಶಗಳು ಕಾನೂನಿನ ಮೂಲಕ ಕೇಳುವುದು ಇಷ್ಟು ಹತ್ತಿರದ ಗುರಿಯನ್ನು, ಆದರೆ ಒಂದೂ ತಪ್ಪಬಾರದು ಎಂಬ ಷರತ್ತಿನೊಂದಿಗೆ. 600 ಮೀಟರಿನ ಮಾತಾಡುವವರನ್ನು ಮೊದಲು 100 ಮೀಟರ್‌ನಲ್ಲಿ, ಮಂಡಿಯೂರಿ, ಐದಕ್ಕೆ ಐದು ಹಾಕಲು ಹೇಳಿ ನೋಡಿ.

ಹೆಜ್ಜೆಜಾಡು:

1887ರಲ್ಲಿ ಸ್ಥಾಪನೆಯಾದ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ದೂರದ ಬೇಟೆಯ ಬಗ್ಗೆ ಒಂದು ನಿಲುವು ತಳೆದಿದೆ: ದೂರದ ಬೇಟೆ ಎಂಬುದನ್ನು ಇಂತಿಷ್ಟು ಮೀಟರ್ ಎಂದು ಗೆರೆ ಎಳೆಯಲಾಗದು, ಅದನ್ನು ನಿರ್ಧರಿಸುವುದು ಬೇಟೆಗಾರನ ಉದ್ದೇಶ. ಪ್ರಾಣಿ ತನ್ನ ಕಣ್ಣು, ಕಿವಿ, ಮೂಗುಗಳಿಂದ ನಮ್ಮನ್ನು ಅರಿಯಲಾರದಷ್ಟು ದೂರದಿಂದ ಬರಿಯ ಹೊಡೆಯುವ ಶಕ್ತಿಯನ್ನು ಪರೀಕ್ಷಿಸಲೆಂದೇ ಗುಂಡು ಹಾರಿಸುವುದನ್ನು ಅವರು ಒಪ್ಪುವುದಿಲ್ಲ. ನನಗೂ ಅದೇ ಸರಿಯೆನಿಸುತ್ತದೆ. ಇನ್ನೂ ನೂರು ಮೀಟರ್ ಹತ್ತಿರ ಹೋಗಲು ಸಾಧ್ಯವಿತ್ತೇ ಎಂದು ಆ ಹೊಸಬರನ್ನು ಪ್ರತಿ ಗುಂಡಿನ ಮುಂಚೆ ಕೇಳಿ, ಉತ್ತರವನ್ನು ಬರೆದಿಡಿ.

ಕಣಿವೆಗಾಳಿ:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ನಿಮ್ಮ ಉತ್ತರಗಳನ್ನು ಹೊಸಬರಿಗೆ ಓದಲು ಕೊಟ್ಟೆ. ಚಿತ್ರದ ಮುಂಚೆ ಎಷ್ಟು ಗುಂಡು ಹಾರಿಸಿದ್ದಿರಿ ಎಂಬ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆರು ಎಂದರು. ಮೊದಲನೆಯದು ಹಾಳೆಯ ಎಡ ಅಂಚಿಗೆ ಬಿದ್ದಿತ್ತಂತೆ. ಪರೀಕ್ಷೆಗೆ ಅವರೇ ಒಪ್ಪಿದರು.

ಕ್ರಮ ಹೀಗಿತ್ತು. ಒಂದು ದಿನಕ್ಕೆ ಒಂದೇ ಗುಂಡು. 20 ಸೆಂಟಿಮೀಟರ್ ವ್ಯಾಸದ ಕಬ್ಬಿಣದ ಫಲಕವನ್ನು ನಾನು ಅವರಿಗೆ ತಿಳಿಯದ ದೂರದಲ್ಲಿ, ಪ್ರತಿ ಸಲವೂ ಬೇರೆ ಜಾಗದಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವಂತೆ ನೋಡಿಕೊಂಡು ನಿಲ್ಲಿಸುತ್ತಿದ್ದೆ. ಅವರು ಚೀಲ ಹೊತ್ತು ಏರು ಹತ್ತಿ ಬಂದು, ಎರಡು ನಿಮಿಷದೊಳಗೆ ದೂರ ಅಳೆದು, ಗಾಳಿಯ ಅಂದಾಜನ್ನು ಪುಸ್ತಕದಲ್ಲಿ ಬರೆದು, ಗುಂಡು ಹಾರಿಸಬೇಕು. ಬೇಡವೆನಿಸಿದರೆ ಹಾರಿಸದೆ ಎದ್ದುಬರಬಹುದು. ಹಾರಿಸಿದ ಕೂಡಲೇ ಎಲ್ಲಿ ಬಿದ್ದಿತೆಂದು ಹೇಳಬೇಕು. ಫಲಕಕ್ಕೆ ಪ್ರತಿ ದಿನವೂ ಬಿಳಿ ಬಣ್ಣ ಬಳಿಯುತ್ತಿದ್ದುದರಿಂದ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಲ ದಿನ ಅವರು ಏದುಸಿರು ಬಿಡುತ್ತ ಬಂದು ಮಲಗಿದಾಗ ಬೈಪಾಡಿನ ಒಂದು ಕಾಲು ಕಲ್ಲಿನ ಮೇಲೆ, ಇನ್ನೊಂದು ಹುಲ್ಲಿನ ಗಡ್ಡೆಯ ಮೇಲೆ ನಿಂತಿತು. ಬಂದೂಕು ಓರೆಯಾಗಿತ್ತು. ಅದನ್ನು ಸರಿಮಾಡಲು ಒಂದೂವರೆ ನಿಮಿಷ ಹೋಯಿತು, ಉಳಿದ ಅರ್ಧ ನಿಮಿಷದಲ್ಲಿ ಗಾಳಿಯನ್ನು ನೋಡದೆಯೇ ಹಾರಿಸಿದರು. 410 ಮೀಟರ್, ಫಲಕದ ಒಂದು ಮೊಳ ಬಲಕ್ಕೆ ಮಣ್ಣು ಚಿಮ್ಮಿತು. “ನಡುವಿಗೆ ಬಿದ್ದಿದೆ” ಎಂದು ಅವರು ಅಷ್ಟರಲ್ಲಿ ಹೇಳಿಯಾಗಿತ್ತು. ಆ ಸಂಜೆ ಅವರು ಹೆಚ್ಚು ಮಾತನಾಡಲಿಲ್ಲ.

ಇದುವರೆಗೆ ಮೂವತ್ತು ಗುಂಡುಗಳಾಗಿವೆ. 300 ಮೀಟರಿನವರೆಗೆ ಹನ್ನೆರಡಕ್ಕೆ ಹನ್ನೆರಡು. 300ರಿಂದ 400ರ ನಡುವೆ ಹತ್ತರಲ್ಲಿ ಎಂಟು. ಅದರಾಚೆ ಎಂಟರಲ್ಲಿ ಮೂರು. ತಪ್ಪಿದ ಏಳರಲ್ಲಿ ಆರು ಎಡಕ್ಕೋ ಬಲಕ್ಕೋ ಹೋದವು, ಒಂದು ಮಾತ್ರ ಕೆಳಗೆ ಬಿತ್ತು. ಅಂದರೆ ಕೈ ಚೆನ್ನಾಗಿದೆ, ಗಾಳಿಯ ಓದು ಇನ್ನೂ ಬಂದಿಲ್ಲ. ಆದರೆ ಕೊನೆಯ ಹತ್ತು ಗುಂಡುಗಳಲ್ಲಿ ಒಂಬತ್ತನ್ನು ಅವರು ಸರಿಯಾಗಿ ಹೇಳಿದರು, ಮತ್ತು ಎರಡು ದಿನ ಗಾಳಿ ತಿರುಗುತ್ತಿದೆಯೆಂದು ಹಾರಿಸದೆ ಎದ್ದುಬಂದರು. ಈ ಋತುವಿಗೆ ಮಲಗಿದ ಭಂಗಿಯಲ್ಲಿ 300 ಮೀಟರ್ ಎಂದು ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಸಂಖ್ಯೆಯನ್ನು ಮೊದಲು ಹೇಳಿದವರು ಅವರೇ.

ಲೆಕ್ಕಿಗ:

ಹನ್ನೆರಡಕ್ಕೆ ಹನ್ನೆರಡು ಎಂಬುದು ನಾನು ಮೊದಲು ಹೇಳಿದ ಅದೇ ಭರವಸೆಯ ಮಟ್ಟದಲ್ಲಿ ನೂರಕ್ಕೆ 78 ಅನ್ನು ಮಾತ್ರ ಖಾತ್ರಿಪಡಿಸುತ್ತದೆ. ಆದ್ದರಿಂದ 300ರೊಳಗಿನ ಗುಂಡುಗಳನ್ನು ಮೂವತ್ತಕ್ಕೆ ಏರಿಸುವವರೆಗೆ ನಿಲ್ಲಿಸಬೇಡಿ. ಹಾರಿಸದೆ ಎದ್ದುಬಂದ ದಿನಗಳನ್ನು ಬೇರೆಯಾಗಿ ಎಣಿಸಿದ್ದು ಸರಿಯಾದ ಕ್ರಮ. ಆ ದಿನಗಳಲ್ಲಿ ನೀವು ಅಳೆದ ಗಾಳಿಯನ್ನೂ ಬರೆದಿಟ್ಟಿದ್ದೀರಾ?

ಕಣಿವೆಗಾಳಿ:

ಬರೆದಿದ್ದೇನೆ. ಫಲಕದ ಬಳಿ ನಿಂತು ನಾನು ಗಾಳಿಮಾಪಕದಲ್ಲಿ ಅಳೆದದ್ದು ಮೊದಲ ದಿನ ಸೆಕೆಂಡಿಗೆ 2ರಿಂದ 5 ಮೀಟರ್ ನಡುವೆ ಏರಿಳಿಯುತ್ತಿತ್ತು, ಎರಡನೆಯ ದಿನ ದಿಕ್ಕೇ ಎರಡು ಸಲ ಬದಲಾಯಿತು. ಉಳಿದ ಹದಿನೆಂಟು ಗುಂಡುಗಳನ್ನು ಮುಂದಿನ ವಾರದಿಂದ ಆರಂಭಿಸುತ್ತೇವೆ, ಜೊತೆಗೆ ಮೈದಾನದವರು ಹೇಳಿದಂತೆ ಮಂಡಿಯೂರಿ 100 ಮೀಟರ್ ಪರೀಕ್ಷೆಯನ್ನೂ. ಅದನ್ನು ಮೊದಲು ಕೊಡುವವನು ನಾನು. ನನ್ನ ಕುಳಿತ ಮತ್ತು ಮಂಡಿಯೂರಿದ ಭಂಗಿಗಳ ಮಿತಿಯನ್ನು ನಾನು ಇಷ್ಟು ವರ್ಷ ಬರೆದಿಟ್ಟೇ ಇರಲಿಲ್ಲ.